ನಾಲ್ಕರಲ್ಲಿ ಮೂರು ಪಲ್ಸ್: ರ‍್ಯಾಲಿ ಕಾರೊಂದಕ್ಕೆ ಚಕ್ರದ ಸೆನ್ಸರ್ ಕೂಡಿಸಿದ ಪ್ರಕರಣ

ಹಿನ್ನೆಲೆ

ಮುಂದಿನ ಚಕ್ರಗಳಿಗೆ ಚಾಲನೆಯಿರುವ ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರೊಂದನ್ನು ಮಣ್ಣುರಸ್ತೆಯ ರ‍್ಯಾಲಿಗೆಂದು ಸಜ್ಜುಗೊಳಿಸಿದ ಸಣ್ಣ ತಂಡದ ಪ್ರಕರಣ ಇದು. ತಂಡದಲ್ಲಿ ಇದ್ದವರು ಚಾಲಕ, ಸಹಚಾಲಕ, ಒಬ್ಬ ಮೆಕ್ಯಾನಿಕ್ ಮತ್ತು ವೈರಿಂಗ್ ಕೆಲಸ ಹೊತ್ತಿದ್ದ ನಾನು. ಹೆಸರು, ಕಾರಿನ ಮಾದರಿ, ಸ್ಪರ್ಧೆಗಳ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ ಆದ್ದರಿಂದ ಅವನ್ನು ಮುಚ್ಚಿಡುವ ಅಗತ್ಯವೂ ಕಾಣಲಿಲ್ಲ.

ಕಾರಿಗೆ ಚಕ್ರದ ಸುತ್ತು ಎಣಿಸುವ ಸೆನ್ಸರ್ ಬೇಕಾದದ್ದು ಮೊದಲಿಗೆ ಟ್ರಿಪ್ ಮೀಟರಿಗಾಗಿ, ಅಂದರೆ ಓಡಿದ ದೂರ ತೋರಿಸುವ ಮೀಟರಿಗಾಗಿ. ತಂಡ ಭಾಗವಹಿಸುತ್ತಿದ್ದ ಸ್ಪರ್ಧೆಗಳಲ್ಲಿ ಮಾರ್ಗವನ್ನು ಮುಂಚಿತವಾಗಿ ಓಡಿ ನೋಡಲು ಅವಕಾಶ ಇರಲಿಲ್ಲ. ಸಹಚಾಲಕರ ಕೈಯಲ್ಲಿ ಇರುತ್ತಿದ್ದುದು ರೋಡ್ ಬುಕ್ ಮಾತ್ರ. ಅದರಲ್ಲಿ ಪ್ರತಿ ಕವಲು, ಪ್ರತಿ ಅಪಾಯದ ತಿರುವಿನ ಎದುರಿಗೆ ಕಿಲೋಮೀಟರಿನ ನೂರನೆಯ ಭಾಗದವರೆಗೆ, ಅಂದರೆ ಹತ್ತು ಮೀಟರಿನ ಲೆಕ್ಕದಲ್ಲಿ, ದೂರವನ್ನು ನಮೂದಿಸಿರುತ್ತಾರೆ. ಟ್ರಿಪ್ ಮೀಟರ್ ಐವತ್ತು ಮೀಟರ್ ಹಿಂದೆ ಬಿದ್ದರೆ, ಸಹಚಾಲಕರು ‘ಎಡಕ್ಕೆ’ ಎನ್ನುವಷ್ಟರಲ್ಲಿ ಕಾರು ಕವಲನ್ನು ದಾಟಿ ಹೋಗಿರುತ್ತದೆ. ಉಪಗ್ರಹದಿಂದ ದೂರ ಅಳೆಯುವ ಮೀಟರುಗಳೂ ಇವೆಯಾದರೂ, ದಟ್ಟ ಮರಗಳ ನೆರಳಿನಲ್ಲಿ ಮತ್ತು ಕಡಿದಾದ ಕಣಿವೆಗಳಲ್ಲಿ ಅವುಗಳ ಎಣಿಕೆ ಅಲುಗಾಡುತ್ತದೆಂಬ ಕಾರಣಕ್ಕೆ ತಂಡ ಚಕ್ರದ ಎಣಿಕೆಯನ್ನೇ ನಂಬಿತ್ತು. ಚಾಲಕರಿಗೆ ಇನ್ನೊಂದು ಆಸೆಯೂ ಇತ್ತು: ಮುಂದಿನ ಚಕ್ರಗಳು ಎಲ್ಲೆಲ್ಲಿ ಎಷ್ಟು ಜಾರುತ್ತವೆ ಎಂಬುದನ್ನು ಅಳತೆಗಳನ್ನು ದಾಖಲಿಸಿಡುವ ಡೇಟಾ ಲಾಗರಿನಲ್ಲಿ ನೋಡಬೇಕೆಂಬುದು. ಅದನ್ನು ಎರಡನೆಯ ಹಂತಕ್ಕೆ ಇಟ್ಟುಕೊಂಡೆವು.

ಮೊದಲ ಜೋಡಣೆ

ಯಾವ ಚಕ್ರದಿಂದ ಎಣಿಸಬೇಕೆಂಬ ಪ್ರಶ್ನೆಗೆ ಉತ್ತರ ಸುಲಭವಾಗಿಯೇ ಸಿಕ್ಕಿತು. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವುದರಿಂದ ಸಡಿಲ ಜಲ್ಲಿಯ ಮೇಲೆ ಅವು ರಸ್ತೆಗಿಂತ ಹೆಚ್ಚು ತಿರುಗುತ್ತವೆ. ಅವನ್ನು ನಂಬಿದರೆ ಕಾರು ಹೋಗದ ದೂರವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಿಂದಿನ ಚಕ್ರಗಳು ಸುಮ್ಮನೆ ಹಿಂಬಾಲಿಸುತ್ತವೆ. ಆದ್ದರಿಂದ ಹಿಂದಿನ ಬಲಚಕ್ರವನ್ನು ಟ್ರಿಪ್ ಮೀಟರಿಗೆ ಆರಿಸಿಕೊಂಡು, ಎಡಚಕ್ರಕ್ಕೂ ಒಂದು ಸೆನ್ಸರನ್ನು ಬದಲಿಯಾಗಿ ಕೂಡಿಸುವುದೆಂದು ತೀರ್ಮಾನಿಸಿದೆವು.

ಸೆನ್ಸರಾಗಿ ನಾನು ಆರಿಸಿದ್ದು ಕಾರ್ಖಾನೆಗಳ ಯಂತ್ರಗಳಲ್ಲಿ ಬಳಸುವ 12 ಮಿಲಿಮೀಟರ್ ವ್ಯಾಸದ ಇಂಡಕ್ಟಿವ್ ಸೆನ್ಸರು. ಎದುರಿಗೆ ಕಬ್ಬಿಣ ಬಂದಾಗ ಅದು ಸ್ವಿಚ್ಚಿನಂತೆ ವರ್ತಿಸುತ್ತದೆ, ಮಣ್ಣು ಕೆಸರಿಗೆ ಹೆದರುವುದಿಲ್ಲ, ಹಿಂಬದಿಯಲ್ಲಿರುವ ಸಣ್ಣ ದೀಪ ಪ್ರತಿ ಪಲ್ಸಿಗೂ, ಅಂದರೆ ಪ್ರತಿ ವಿದ್ಯುತ್ ಮಿಡಿತಕ್ಕೂ, ಮಿನುಗುವುದರಿಂದ ಜೋಡಿಸುವಾಗ ಬೇರೆ ಉಪಕರಣವೂ ಬೇಕಿಲ್ಲ. ಚಕ್ರ ಕೂಡಿಸುವ ನಾಲ್ಕು ಸ್ಟಡ್‌ಗಳ ತಲೆಗಳು ಚಕ್ರ ಕೂರುವ ನಡುಭಾಗವಾದ ಹಬ್ಬಿನ ಒಳಮುಖದಲ್ಲಿ, ಬ್ರೇಕ್ ಡಿಸ್ಕಿನ ಟೋಪಿಯಂಥ ನಡುಭಾಗದ ಒಳಗೆ, ವೃತ್ತಾಕಾರವಾಗಿ ಸುತ್ತುತ್ತವೆ. ಕ್ಯಾಲಿಪರ್ ಕೂಡುವ ಬೋಲ್ಟಿಗೇ ಒಂದು ಬ್ರಾಕೆಟ್ ಕಟ್ಟಿ, ಸೆನ್ಸರಿನ ಮೂತಿ ಆ ಟೋಪಿಯೊಳಗೆ ತೂರಿ ಸ್ಟಡ್ ತಲೆಗಳನ್ನು ನೋಡುವಂತೆ ಮಾಡಿದೆವು. ಚಕ್ರದ ಒಂದು ಸುತ್ತಿಗೆ ನಾಲ್ಕು ಪಲ್ಸ್. ನೆಲದ ಮೇಲೆ ಸೀಮೆಸುಣ್ಣದ ಗುರುತಿಟ್ಟು ಕಾರನ್ನು ಹತ್ತು ಸುತ್ತು ತಳ್ಳಿದಾಗ 19.6 ಮೀಟರ್ ಬಂದಿತು; ಅಂದರೆ ಸುತ್ತಿಗೆ 1.96 ಮೀಟರ್, ಕಿಲೋಮೀಟರಿಗೆ 510 ಸುತ್ತು, 2041 ಪಲ್ಸ್. ಈ ಸಂಖ್ಯೆಯನ್ನು ಮೀಟರಿಗೆ ಕೊಟ್ಟು, ಸಂಘಟಕರು ಅಳೆದು ಗುರುತಿಸಿದ್ದ ದೂರದ ಮೇಲೆ ಓಡಿಸಿದಾಗ ಎರಡೂ ಹೊಂದಿಕೊಂಡವು.

ಅಂತರದ ವಿಷಯದಲ್ಲಿ ಆಗ ನಾನು ತೋರಿದ ಉದಾಸೀನವನ್ನು ಇಲ್ಲಿ ಹೇಳಲೇಬೇಕು. ಸೆನ್ಸರಿನ ಮೈಮೇಲೆ ಗ್ರಹಣ ದೂರ 4 ಮಿಲಿಮೀಟರ್ ಎಂದು ಬರೆದಿತ್ತು. ಆ ಅಳತೆ ಚಪ್ಪಟೆಯಾದ, ಸಾಕಷ್ಟು ಅಗಲದ ಉಕ್ಕಿನ ತಗಡು ಎದುರಿಗಿದ್ದಾಗ ಸಿಗುವಂಥದ್ದು; ಗುಂಡನೆಯ ಸಣ್ಣ ಸ್ಟಡ್ ತಲೆಗೆ ಅಷ್ಟು ದೂರ ಸಿಗುವುದಿಲ್ಲ. ಎರಡರಿಂದ ಮೂರು ಮಿಲಿಮೀಟರಿನೊಳಗೆ ಇದ್ದರೆ ಸಾಕೆಂದುಕೊಂಡು, ಒಂದು ಸ್ಟಡ್ಡಿಗೆ ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ ನೋಡಿ, ಉಳಿದ ಮೂರನ್ನು ದೀಪ ಮಿನುಗುತ್ತದೆಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡೆ. ಅದೇ ಸೆನ್ಸರಿನ ಮೈಮೇಲೆ ಇನ್ನೂ ಸಣ್ಣ ಅಕ್ಷರದಲ್ಲಿ ಬರೆದಿದ್ದ ಉಷ್ಣತೆಯ ಮಿತಿ, 70 ಡಿಗ್ರಿ ಸೆಲ್ಸಿಯಸ್, ಎಂಬುದನ್ನು ನಾನು ಓದಿದ್ದೆನಾದರೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಸ್ಟೇಜಿನಲ್ಲಿ ಕಳೆದುಹೋದ 580 ಮೀಟರ್

ಮೊದಲ ಸ್ಪರ್ಧೆಯ ಮೊದಲ ಮೂರು ಸ್ಟೇಜ್‌ಗಳಲ್ಲಿ, ಅಂದರೆ ಸಮಯ ಅಳೆಯುವ ವೇಗದ ಭಾಗಗಳಲ್ಲಿ, ಮೀಟರ್ ಸರಿಯಾಗಿಯೇ ನಡೆಯಿತು. ನಾಲ್ಕನೆಯ ಸ್ಟೇಜಿನ ಕೊನೆಯ ಭಾಗ ಉದ್ದನೆಯ ಇಳಿಜಾರು. ಅದರ ತಳದಲ್ಲಿದ್ದ ಕವಲು ರೋಡ್ ಬುಕ್ ಪ್ರಕಾರ 14.20ಕ್ಕೆ ಬರಬೇಕು, ಕಾರು ಕವಲಿಗೆ ಬಂದಾಗ ಮೀಟರ್ 13.62 ತೋರಿಸುತ್ತಿತ್ತು. ಸಹಚಾಲಕರು ಇನ್ನೂ ಅರ್ಧ ಕಿಲೋಮೀಟರ್ ಇದೆ ಎಂದುಕೊಂಡಿದ್ದರಿಂದ ಕಾರು ನೇರ ಹೋಗಿ, ತಿರುಗಿಸಿಕೊಂಡು ಬರಲು ಸಮಯ ಕಳೆಯಿತು. ಆಮೇಲಿನ ಸಾಮಾನ್ಯ ರಸ್ತೆಯ ಓಟದಲ್ಲಿ, ಅಂದರೆ ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ನಿಧಾನವಾಗಿ ಹೋಗುವ ಭಾಗದಲ್ಲಿ, ಮೀಟರ್ ಮತ್ತೆ ಸರಿಯಾಯಿತು. ಸರ್ವಿಸಿಗೆ ಬಂದಾಗ ಮೆಕ್ಯಾನಿಕ್ ಚಕ್ರ ಎತ್ತಿ ತಿರುಗಿಸಿ ನೋಡಿದರೆ ದೀಪ ನಾಲ್ಕಕ್ಕೆ ನಾಲ್ಕೂ ಬಾರಿ ಮಿನುಗುತ್ತಿತ್ತು.

ಎಲ್ಲರೂ ಮೊದಲು ಬೆರಳು ತೋರಿಸಿದ್ದು ಹ್ಯಾಂಡ್ ಬ್ರೇಕಿನ ಕಡೆಗೆ. ಹೇರ್‌ಪಿನ್ ತಿರುವುಗಳಲ್ಲಿ ಚಾಲಕರು ಹೈಡ್ರಾಲಿಕ್ ಹ್ಯಾಂಡ್ ಬ್ರೇಕ್ ಎಳೆದಾಗ ಹಿಂದಿನ ಎರಡೂ ಚಕ್ರಗಳು ನಿಂತುಬಿಡುತ್ತವೆ, ಕಾರು ಜಾರುತ್ತಾ ಮುಂದೆ ಹೋಗುತ್ತಿರುತ್ತದೆ, ಆ ದೂರ ಎಣಿಕೆಗೆ ಸಿಗುವುದಿಲ್ಲ. ವಿವರಣೆ ಕೇಳಲು ಚೆನ್ನಾಗಿತ್ತು. ಆದರೆ ಲೆಕ್ಕ ಹಾಕಲು ಯಾರೂ ಹೋಗಲಿಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡ್ ಚಕ್ರ ನಿಂತರೆ ತಪ್ಪುವುದು ಸುಮಾರು 8 ಮೀಟರ್. ಹನ್ನೆರಡು ತಿರುವು ಇದ್ದರೂ 100 ಮೀಟರ್ ಆದೀತು. 580 ಮೀಟರ್ ಕಳೆಯಬೇಕಾದರೆ ಎಪ್ಪತ್ತಕ್ಕೂ ಹೆಚ್ಚು ತಿರುವು ಬೇಕು. ಈ ಗುಣಾಕಾರ ಭಾಗಾಕಾರವನ್ನು ಅಂದೇ ಮಾಡಿದ್ದರೆ ಮುಂದಿನ ಐದು ವಾರ ಉಳಿಯುತ್ತಿದ್ದವು.

ನಾನಂತೂ ವೈರಿಂಗ್‌ನವನು, ನನ್ನ ಅನುಮಾನ ತಂತಿಯ ಮೇಲೆಯೇ ಹೋಯಿತು. ಇಗ್ನಿಷನ್ ಕಾಯಿಲ್, ಫ್ಯಾನ್ ಮೋಟಾರ್, ರೇಡಿಯೊ ಇವುಗಳಿಂದ ಸೆನ್ಸರ್ ತಂತಿಗೆ ವಿದ್ಯುತ್ ಗದ್ದಲ ಸೇರುತ್ತಿರಬೇಕೆಂದು ಊಹಿಸಿ, ಹಿಂದಿನಿಂದ ಡ್ಯಾಶ್‌ಬೋರ್ಡಿನವರೆಗೂ ಹೊಸ ಶೀಲ್ಡ್ ಕೇಬಲ್ ಎಳೆದು, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ, ಬೆಸುಗೆ ಹಾಕಿದ್ದ ಜೋಡಣೆಗಳನ್ನೆಲ್ಲ ಒತ್ತಿ ಕೂಡಿಸಿ ಕ್ರಿಂಪ್ ಮಾಡಿದೆ. ಕೊನೆಯ ಕೆಲಸ ಹೇಗಿದ್ದರೂ ಒಳ್ಳೆಯದೇ. ಬೆಸುಗೆಯ ಸೀಸ ತಂತಿಯೊಳಗೆ ಹರಿದು ಗಟ್ಟಿಯಾದ ತುದಿಯಲ್ಲಿ ಕಂಪನಕ್ಕೆ ತಂತಿ ಮುರಿಯುವುದು ರ‍್ಯಾಲಿ ಕಾರುಗಳಲ್ಲಿ ಹೊಸತಲ್ಲ. ಆದರೆ ಕಾಯಿಲೆಗೂ ಈ ಔಷಧಕ್ಕೂ ಸಂಬಂಧ ಇರಲಿಲ್ಲ. ಗದ್ದಲ ಸಾಮಾನ್ಯವಾಗಿ ಇಲ್ಲದ ಪಲ್ಸನ್ನು ಕೂಡಿಸುತ್ತದೆ, ದೂರ ಹೆಚ್ಚಾಗಿ ಕಾಣಬೇಕು, ನಮಗೆ ಕಡಿಮೆಯಾಗಿತ್ತು. ಈ ಒಂದು ಮಾತು ನನ್ನನ್ನು ತಡೆಯಬೇಕಿತ್ತು.

ಕೇಬಲ್ ಬದಲಿಸಿದ ಮೇಲೆ ಬೆಳಗಿನ ಹೊತ್ತು ಸಮತಟ್ಟಾದ ರಸ್ತೆಯಲ್ಲಿ ಆರು ಕಿಲೋಮೀಟರ್ ಓಡಿಸಿ, ಎಣಿಕೆ ಸರಿಯಾಗಿ ಬಂತೆಂದು ಸಮಾಧಾನಪಟ್ಟೆವು. ಯಾವ ಪರಿಸ್ಥಿತಿಯಲ್ಲಿ ದೋಷ ಕಾಣಿಸಿಕೊಂಡಿತ್ತೋ ಅದನ್ನು ಬಿಟ್ಟು ಉಳಿದೆಲ್ಲ ಪರಿಸ್ಥಿತಿಯಲ್ಲೂ ಪರೀಕ್ಷಿಸಿದೆವು ಎಂದು ಈಗ ಹೇಳಬೇಕಾಗಿದೆ. ಒಂದು ಒಳ್ಳೆಯ ಕೆಲಸ ಮಾತ್ರ ಆಯಿತು: ಮುಂದಿನ ಸ್ಪರ್ಧೆಗೆ ಮುನ್ನ ಹಿಂದಿನ ಎರಡೂ ಸೆನ್ಸರ್‌ಗಳನ್ನು ಡೇಟಾ ಲಾಗರಿಗೂ ಜೋಡಿಸಿದೆ.

ನಾಲ್ಕರಲ್ಲಿ ಮೂರು

ಎರಡನೆಯ ಸ್ಪರ್ಧೆಯಲ್ಲಿ ಅದೇ ದೋಷ ಮರುಕಳಿಸಿತು. ಆ ರಾತ್ರಿ ಲಾಗರಿನ ಗೆರೆಗಳನ್ನು ಬಿಡಿಸಿ ನೋಡಿದಾಗ ಹಿಂದಿನ ಎಡ ಮತ್ತು ಬಲಚಕ್ರಗಳ ವೇಗ ಸ್ಟೇಜಿನ ಹತ್ತು ಕಿಲೋಮೀಟರಿನವರೆಗೆ ಒಂದರ ಮೇಲೊಂದು ಕೂತಿದ್ದವು. ಅಲ್ಲಿಂದ ಮುಂದೆ ಬಲಚಕ್ರದ ಗೆರೆ ಥಟ್ಟನೆ ಕೆಳಗಿಳಿದು, ಕೊನೆಯವರೆಗೂ ಎಡದ ಗೆರೆಯ ಕೆಳಗೆ ಸಮಾನಾಂತರವಾಗಿ ಓಡುತ್ತಿತ್ತು. ಎಡ 80 ಎಂದರೆ ಬಲ 60. ಎಡ 60 ಎಂದರೆ ಬಲ 45. ಎಲ್ಲಿ ಬೆರಳಿಟ್ಟು ನೋಡಿದರೂ ಸರಿಯಾಗಿ ಮುಕ್ಕಾಲು ಭಾಗ.

ಪ್ರಕರಣ ತಿರುಗಿದ್ದು ಇಲ್ಲಿ. ಹ್ಯಾಂಡ್ ಬ್ರೇಕಿನಿಂದ ಚಕ್ರ ನಿಂತಿದ್ದರೆ ಗೆರೆ ಸೊನ್ನೆಗೆ ಇಳಿದು ಮತ್ತೆ ಏಳಬೇಕಿತ್ತು. ಅಂಥ ಗುಂಡಿಗಳು ತಿರುವುಗಳಲ್ಲಿ ಬೇರೆಯಾಗಿಯೇ ಕಾಣುತ್ತಿದ್ದವು, ಎರಡೂ ಚಕ್ರಗಳಲ್ಲಿ ಒಟ್ಟಿಗೆ. ತಂತಿ ಸಡಿಲವಾಗಿದ್ದರೆ ಪಲ್ಸ್ ಹೊತ್ತುಗೊತ್ತಿಲ್ಲದೆ ತಪ್ಪಬೇಕಿತ್ತು. ನಿಯಮ ಹಿಡಿದಂತೆ ನಾಲ್ಕರಲ್ಲಿ ಒಂದೇ ಒಂದು ಪಲ್ಸ್ ತಪ್ಪುತ್ತಿದೆ ಎಂದರೆ, ನಾಲ್ಕು ಸ್ಟಡ್‌ಗಳಲ್ಲಿ ಒಂದು ಮಾತ್ರ ಸೆನ್ಸರಿನ ಕಣ್ಣಿಗೆ ಬೀಳುತ್ತಿಲ್ಲ ಎಂದರ್ಥ. ಹಳೆಯ ಸ್ಪರ್ಧೆಯ 580 ಮೀಟರಿನ ಲೆಕ್ಕವೂ ಆಗ ಕೂಡಿಬಂತು: ನಾಲ್ಕರಲ್ಲೊಂದು ತಪ್ಪುತ್ತಿದ್ದರೆ 580 ಮೀಟರ್ ಕಳೆಯಲು 2.32 ಕಿಲೋಮೀಟರ್ ಓಡಬೇಕು, ಆ ಇಳಿಜಾರಿನ ಕೊನೆಯ ಭಾಗ ಹೆಚ್ಚುಕಡಿಮೆ ಅಷ್ಟೇ ಉದ್ದವಿತ್ತು.

ಬೆಳಿಗ್ಗೆ ನಾಲ್ಕೂ ಸ್ಟಡ್‌ಗಳಿಗೆ ಒಂದೊಂದಾಗಿ ಫೀಲರ್ ಗೇಜ್ ಹಾಕಿದೆವು. ಮೂರಕ್ಕೆ 2.1 ಮಿಲಿಮೀಟರ್, ನಾಲ್ಕನೆಯದಕ್ಕೆ 2.9. ಆ ಒಂದು ಸ್ಟಡ್ಡನ್ನು ಯಾವಾಗಲೋ ಬದಲಿಸಿದ್ದರು, ಅದರ ತಲೆ ಉಳಿದವುಗಳಿಗಿಂತ ತೆಳ್ಳಗಿತ್ತು. ಎಡಚಕ್ರದಲ್ಲಿ ನಾಲ್ಕಕ್ಕೂ 1.8 ಇತ್ತು. ಆದರೂ ತಣ್ಣಗಿರುವಾಗ 2.9ರ ಸ್ಟಡ್ಡೂ ದೀಪವನ್ನು ಮಿನುಗಿಸುತ್ತಿತ್ತಲ್ಲ? ಹತ್ತು ಕಿಲೋಮೀಟರ್ ಓಡಿದ ಮೇಲೆ ಏನು ಬದಲಾಗುತ್ತದೆ ಎಂಬ ಪ್ರಶ್ನೆ ಉಳಿಯಿತು.

ಚಾಲಕರ ಸಲಹೆ ನೇರವಾಗಿತ್ತು: ಟ್ರಿಪ್ ಮೀಟರನ್ನು ಎಡಚಕ್ರಕ್ಕೆ ಬದಲಿಸಿದರೆ ಮುಗಿಯಿತು, ಮುಂದಿನ ಸ್ಪರ್ಧೆಗೆ ಮೂರೇ ವಾರ ಇದೆ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಎಡಚಕ್ರ ಅದುವರೆಗೆ ಒಂದು ಪಲ್ಸನ್ನೂ ತಪ್ಪಿಸಿರಲಿಲ್ಲ. ಕಾರಣ ತಿಳಿಯದೆ ಬದಲಿಸುವುದು ಬೇಡ, ಒಂದು ದಿನ ಕೊಡಿ ಎಂದು ಕೇಳಿಕೊಂಡೆ. ಈ ಒಂದು ದಿನವನ್ನು ಒಪ್ಪಿಸಿದ್ದೇ ಇಡೀ ಪ್ರಕರಣದಲ್ಲಿ ನಾನು ಮಾಡಿದ ಉಪಯುಕ್ತ ಕೆಲಸವೆಂದು ನನಗನ್ನಿಸುತ್ತದೆ.

ಈ ಸಲ ಇಳಿಜಾರಿನ ರಸ್ತೆಯನ್ನೇ ಆರಿಸಿಕೊಂಡೆವು. ಸೆನ್ಸರಿನ ಮೈಗೆ, ನಿಗದಿತ ಶಾಖ ಮುಟ್ಟಿದೊಡನೆ ಶಾಶ್ವತವಾಗಿ ಕಪ್ಪಾಗುವ ಚೌಕಗಳಿರುವ ಉಷ್ಣತೆಯ ಸ್ಟಿಕ್ಕರ್ ಅಂಟಿಸಿದೆವು. ಚಾಲಕರು ಸ್ಪರ್ಧೆಯ ವೇಗದಲ್ಲಿ ಕೆಳಗಿಳಿದು ನಿಲ್ಲಿಸಿದೊಡನೆ, ಕಾರು ತಣಿಯಲು ಬಿಡದೆ, ಮೆಕ್ಯಾನಿಕ್ ಹಿಂದಿನ ಬಲಭಾಗಕ್ಕೆ ಜ್ಯಾಕ್ ಕೊಟ್ಟರು. ಬ್ರೇಕಿನ ಸುಟ್ಟ ವಾಸನೆ ಇನ್ನೂ ಗಾಢವಾಗಿತ್ತು. ನಾನು ಕಾರಿನಡಿಗೆ ತಲೆ ಹಾಕಿ ದೀಪವನ್ನು ನೋಡುತ್ತಾ ಇದ್ದೆ, ಅವರು ಕೈಗವಸು ಹಾಕಿಕೊಂಡು ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಹೋದರು. ಮಿನುಗು, ಮಿನುಗು, ಮಿನುಗು, ನಂತರ ಒಂದು ದೀರ್ಘ ಕತ್ತಲು. ಇನ್ನೊಂದು ಸುತ್ತು, ಅದೇ ಸಾಲು. ಇಪ್ಪತ್ತು ನಿಮಿಷ ಬಿಟ್ಟು ತಿರುಗಿಸಿದಾಗ ನಾಲ್ಕನೆಯ ಮಿನುಗು ಮರಳಿ ಬಂದಿತ್ತು. ಸ್ಟಿಕ್ಕರಿನ ಮೇಲ್ತುದಿಯ ಚೌಕ 110 ಡಿಗ್ರಿಯದು, ಅದೂ ಕಪ್ಪಾಗಿತ್ತು. ಡಿಸ್ಕಿನ ಟೋಪಿಯೊಳಗೆ ನಾವು ಸೆನ್ಸರನ್ನು ಕೂರಿಸಿದ ಜಾಗಕ್ಕೆ ಗಾಳಿ ಆಡುವುದಿಲ್ಲ, ಸುತ್ತಲಿನ ಗೋಡೆ ಕಾದ ಬ್ರೇಕಿನದು. 70 ಡಿಗ್ರಿಯ ವಸ್ತುವನ್ನು ಒಲೆಯೊಳಗೆ ಇಟ್ಟು ಅದರಿಂದ ನಿಖರತೆ ಬಯಸಿದ್ದೆವು. ಬಿಸಿಯೇರಿದಂತೆ ಅದರ ಗ್ರಹಣ ದೂರ ಕುಗ್ಗುತ್ತಾ ಬಂದು, 2.9ರಲ್ಲಿದ್ದ ಸ್ಟಡ್ ಮೊದಲು ಕಣ್ಮರೆಯಾಗುತ್ತಿತ್ತು.

ಅದೇ ಇಳಿಜಾರನ್ನು ವಿರಾಮವಿಲ್ಲದೆ ಎರಡನೆಯ ಸಲ ಇಳಿದಾಗ ಎಡಚಕ್ರದ ಸೆನ್ಸರೂ ಪಲ್ಸ್ ಬಿಡತೊಡಗಿತು. ಚಾಲಕರ ಸಲಹೆಯಂತೆ ಎಡಕ್ಕೆ ಬದಲಿಸಿ ಹೋಗಿದ್ದರೆ, ಇನ್ನೂ ಉದ್ದನೆಯ ಸ್ಟೇಜೊಂದರಲ್ಲಿ ಅದು ನಮಗೆ ಗೊತ್ತಾಗುತ್ತಿತ್ತು.

ಯಾವುದನ್ನು ಬಿಟ್ಟೆವು, ಯಾವುದನ್ನು ಹಿಡಿದೆವು

ಅಂತರವನ್ನು ಒಂದು ಮಿಲಿಮೀಟರಿಗೆ ಇಳಿಸುವುದು ಅತಿ ಸುಲಭದ ದಾರಿಯಾಗಿತ್ತು. ಬೇರಿಂಗಿನ ಸಡಿಲ, ಬ್ರಾಕೆಟ್ಟಿನ ನಡುಕ, ನಡುವೆ ಸಿಕ್ಕಿಕೊಳ್ಳಬಹುದಾದ ಜಲ್ಲಿಯ ಚೂರು ಇವನ್ನು ನೆನೆದು ಅದನ್ನು ಬಿಟ್ಟೆವು. ಶಾಖ ಹಾಗೆಯೇ ಉಳಿಯುತ್ತಿತ್ತು ಎಂಬುದು ಅದಕ್ಕಿಂತ ದೊಡ್ಡ ಕಾರಣ. ಹೆಚ್ಚು ಶಾಖ ತಾಳುವ ಇಂಡಕ್ಟಿವ್ ಸೆನ್ಸರ್‌ಗಳೂ ಸಿಗುತ್ತವೆ, ಆದರೆ ಆ ಇಕ್ಕಟ್ಟಿನೊಳಗೆ ಕೂರುವಂಥದ್ದು ನಮಗೆ ಸಮಯಕ್ಕೆ ಸಿಗಲಿಲ್ಲ. ಹಲ್ಲುಚಕ್ರವೊಂದನ್ನು ಹಬ್ಬಿಗೆ ಕೂಡಿಸಿ, ಅಯಸ್ಕಾಂತಕ್ಕೆ ತಂತಿಯ ಸುರುಳಿ ಸುತ್ತಿದ ಹಳೆಯ ಮಾದರಿಯ ಸೆನ್ಸರ್ ಇಡುವ ಯೋಚನೆಯೂ ಇತ್ತು. ಅದು ಶಾಖಕ್ಕೆ ಅಂಜುವುದಿಲ್ಲ. ಆದರೆ ಅದರ ವೋಲ್ಟೇಜ್ ಚಕ್ರದ ವೇಗವನ್ನೇ ಅವಲಂಬಿಸಿರುವುದರಿಂದ ಕಾರು ನಡಿಗೆಯ ವೇಗಕ್ಕೆ ಬಂದಾಗ ಸಂಕೇತ ಬತ್ತಿಹೋಗುತ್ತದೆ, ಬ್ರೇಕ್ ಡಿಸ್ಕಿನಿಂದ ಉದುರುವ ಕಬ್ಬಿಣದ ಪುಡಿ ಅದರ ಮೂತಿಗೆ ಗಡ್ಡದಂತೆ ಅಂಟಿಕೊಳ್ಳುತ್ತದೆ.

ದಾರಿ ತೋರಿಸಿದವರು ಮೆಕ್ಯಾನಿಕ್. ‘ಸರ್, ಹಬ್ಬಿನೊಳಗೆ ಕಂಪನಿಯವರ ಎಬಿಎಸ್ ಸೆನ್ಸರ್ ಇದ್ದೇ ಇದೆಯಲ್ಲ, ಅದನ್ನು ಯಾಕೆ ಬಿಟ್ಟಿರಿ?’ ಎಂದು ಕೇಳಿದರು. ಕಾರನ್ನು ಸಜ್ಜುಗೊಳಿಸುವಾಗ, ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಘಟಕವನ್ನೂ ಅದರ ವೈರಿಂಗನ್ನೂ ತೆಗೆದಿದ್ದೆವು, ಸೆನ್ಸರ್‌ಗಳು ಮಾತ್ರ ಹಬ್ಬಿನಲ್ಲೇ ಉಳಿದಿದ್ದವು. ಅವನ್ನು ಬಿಟ್ಟದ್ದಕ್ಕೆ ನನ್ನ ಬಳಿ ಕಾರಣವೂ ಇತ್ತು, ಆ ಕಾರಣ ತಪ್ಪಾಗಿತ್ತು. ಆರಂಭದಲ್ಲಿಯೇ ಒಂದು ಸೆನ್ಸರಿಗೆ ಮಲ್ಟಿಮೀಟರ್ ಹಿಡಿದು ಓಮ್ ಅಳೆದಿದ್ದೆ. ಸುರುಳಿಯ ಸೆನ್ಸರಾಗಿದ್ದರೆ ಒಂದು ಸಾವಿರದ ಆಸುಪಾಸಿನಲ್ಲಿ ಓದು ಬರಬೇಕು. ಏನೂ ಬರಲಿಲ್ಲ, ಸೆನ್ಸರ್ ಸತ್ತಿದೆ ಎಂದು ಬರೆದಿಟ್ಟುಕೊಂಡೆ. ಅವು ಸುರುಳಿಯ ಸೆನ್ಸರ್‌ಗಳೇ ಆಗಿರಲಿಲ್ಲ. ಈಚಿನ ಕಾರುಗಳ ಎಬಿಎಸ್ ಸೆನ್ಸರಿಗೂ ಎರಡೇ ತಂತಿಗಳಿರುತ್ತವೆ, ಆದರೆ ಒಳಗೆ ಇರುವುದು ಇಲೆಕ್ಟ್ರಾನಿಕ್ ಚಿಪ್. ಬೇರಿಂಗಿನ ಸೀಲಿನಲ್ಲಿ ಅಯಸ್ಕಾಂತದ ಉತ್ತರ ದಕ್ಷಿಣ ಧ್ರುವಗಳನ್ನು ಸಾಲಾಗಿ ತುಂಬಿದ ಉಂಗುರ ಇರುತ್ತದೆ. ಧ್ರುವ ಬದಲಾದಂತೆ ಚಿಪ್ ತಾನು ಎಳೆಯುವ ಕರೆಂಟನ್ನು 7 ಮಿಲಿಆಂಪಿಯರಿನಿಂದ 14ಕ್ಕೆ, 14ರಿಂದ 7ಕ್ಕೆ ಬದಲಿಸುತ್ತದೆ. ಇದನ್ನು ಓಮ್ ಮೀಟರಿನಿಂದ ಪರೀಕ್ಷಿಸಲು ಬರುವುದಿಲ್ಲ, ವಿದ್ಯುತ್ ಕೊಟ್ಟೇ ನೋಡಬೇಕು.

ಮೇಜಿನ ಮೇಲೆ 12 ವೋಲ್ಟ್ ಕೊಟ್ಟು, ಮರಳುವ ತಂತಿಯಲ್ಲಿ 100 ಓಮಿನ ರೆಸಿಸ್ಟರ್ ಇಟ್ಟೆ. 7 ಮಿಲಿಆಂಪಿಯರಿಗೆ ಅದರ ಮೇಲೆ 0.7 ವೋಲ್ಟ್, 14ಕ್ಕೆ 1.4. ನಡುವೆ, 1.05ರಲ್ಲಿ, ಎರಡು ವೋಲ್ಟೇಜ್ ಹೋಲಿಸುವ ಒಂದು ಕಂಪ್ಯಾರೇಟರಿನ ಗಡಿ ಹಾಕಿದರೆ ಶುದ್ಧವಾದ ಚೌಕಾಕಾರದ ಪಲ್ಸ್ ಸಿಗುತ್ತದೆ. ಹಬ್ಬನ್ನು ಬೆರಳಿನಿಂದ ಎಷ್ಟು ನಿಧಾನವಾಗಿ ತಿರುಗಿಸಿದರೂ ಪಲ್ಸ್ ತಪ್ಪಲಿಲ್ಲ. ಹತ್ತು ಸುತ್ತಿಗೆ 480 ಎಣಿಕೆ ಬಂತು, ಸುತ್ತಿಗೆ 48. ಇಂಥ ಸೆನ್ಸರ್‌ಗಳನ್ನು ಸಾಮಾನ್ಯವಾಗಿ 150 ಡಿಗ್ರಿಯ ಶಾಖವನ್ನು ಲೆಕ್ಕದಲ್ಲಿಟ್ಟೇ ತಯಾರಿಸುತ್ತಾರೆ, ಮೇಲಾಗಿ ಅದು ಕೂತಿರುವುದು ಡಿಸ್ಕಿನ ಟೋಪಿಯಿಂದ ಆಚೆ, ಬೇರಿಂಗಿನ ಬೆನ್ನಿಗೆ. ಕಾರು ತಯಾರಿಸಿದವರು ಜಾಗದ ಪ್ರಶ್ನೆಯನ್ನು ನಮಗಿಂತ ಮೊದಲೇ ಬಿಡಿಸಿಟ್ಟಿದ್ದರು.

ಒಂದು ತೊಡಕು ಉಳಿದಿತ್ತು. ಸುತ್ತಿಗೆ 48 ಎಂದರೆ ಕಿಲೋಮೀಟರಿಗೆ ಸುಮಾರು 24,490 ಪಲ್ಸ್. ನಮ್ಮ ಟ್ರಿಪ್ ಮೀಟರಿಗೆ ನಾಲ್ಕಂಕಿಗಿಂತ ದೊಡ್ಡ ಸಂಖ್ಯೆಯನ್ನು ಕೊಡಲು ಬರುತ್ತಿರಲಿಲ್ಲ. ಕೌಂಟರ್ ಚಿಪ್ಪೊಂದರಿಂದ ಹದಿನಾರಕ್ಕೆ ಒಂದರಂತೆ ಭಾಗಿಸಿ ಸುತ್ತಿಗೆ ಮೂರು ಪಲ್ಸ್, ಕಿಲೋಮೀಟರಿಗೆ 1531 ಮಾಡಿಕೊಂಡೆವು. ಲಾಗರಿಗೆ 48ನ್ನೂ ಹಾಗೆಯೇ ಬಿಟ್ಟೆವು. ಗಂಟೆಗೆ 160 ಕಿಲೋಮೀಟರಿನಲ್ಲೂ ಅದು ಸೆಕೆಂಡಿಗೆ 1100 ಪಲ್ಸ್ ದಾಟುವುದಿಲ್ಲ, ಲಾಗರಿಗೆ ಅದೇನೂ ಭಾರವಲ್ಲ.

ಮುಂದಿನ ಎಡಚಕ್ರ

ದಾರಿ ಸಿಕ್ಕಿದ್ದರಿಂದ ಎರಡನೆಯ ಹಂತವನ್ನೂ ಒಟ್ಟಿಗೇ ಮುಗಿಸಲು ಹೊರಟು ನಾಲ್ಕೂ ಚಕ್ರಗಳಿಗೆ ತಂತಿ ಎಳೆದೆವು. ಮೂರು ಕೂಡಲೇ ಮಾತಾಡಿದವು. ಮುಂದಿನ ಎಡಚಕ್ರದ ಸೆನ್ಸರ್ 7 ಮಿಲಿಆಂಪಿಯರಿನಲ್ಲೇ ಕೂತಿತ್ತು, ಎಷ್ಟು ತಿರುಗಿಸಿದರೂ ಕದಲಲಿಲ್ಲ. ಹಿಂದೊಮ್ಮೆ ಓಮ್ ಮೀಟರಿನಿಂದ ಮೋಸಹೋಗಿದ್ದ ನಾನು ಈ ಸಲ ಸೆನ್ಸರನ್ನು ಸತ್ತಿದೆ ಎನ್ನಲಿಲ್ಲ. 7 ಮಿಲಿಆಂಪಿಯರ್ ಎಳೆಯುತ್ತಿದೆ ಎಂದರೆ ಅದಕ್ಕೆ ಜೀವವಿದೆ. ನೋಡಲು ಎದುರಿಗೆ ಏನೂ ಇಲ್ಲದಿರಬೇಕು. ಆ ಬದಿಯ ಬೇರಿಂಗನ್ನು ಎರಡು ತಿಂಗಳ ಹಿಂದೆ ಹೊರಗಿನ ವರ್ಕ್‌ಶಾಪಿನಲ್ಲಿ ಬದಲಿಸಿದ್ದು ಆಗ ನೆನಪಿಗೆ ಬಂತು. ಮೆಕ್ಯಾನಿಕ್ ಸೆನ್ಸರ್ ಕಳಚಿ, ಕಾಗದಕ್ಕೆ ಹಾಕುವ ಒಂದು ಕ್ಲಿಪ್ಪನ್ನು ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟರು. ಬಲಬದಿಯಲ್ಲಿ ಅದು ಸೀಲಿನತ್ತ ವಾಲಿ ಮೆತ್ತಗೆ ಅಂಟಿಕೊಂಡಿತು, ಎಡಬದಿಯಲ್ಲಿ ಸುಮ್ಮನೆ ತೂಗಾಡಿತು. ಬೇರಿಂಗನ್ನು ಹಿಂದುಮುಂದಾಗಿ ಒತ್ತಿಬಿಟ್ಟಿದ್ದರು. ಅಯಸ್ಕಾಂತದ ಉಂಗುರ ಹೊರಮುಖಕ್ಕಿತ್ತು. ಎಬಿಎಸ್ ಇಲ್ಲದ ಕಾರಿನಲ್ಲಿ ಅದು ಯಾರ ಗಮನಕ್ಕೂ ಬರುವಂತಿರಲಿಲ್ಲ. ಒತ್ತಿ ತೆಗೆದ ಬೇರಿಂಗ್ ಮತ್ತೆ ಬಳಕೆಗೆ ಬರುವಂಥದ್ದಲ್ಲವಾದ್ದರಿಂದ ಹೊಸತು ಹಾಕಿಸಿದೆವು, ಅರ್ಧ ದಿನ ಹೋಯಿತು.

ತಂತಿಯ ದಾರಿಗೆ ಬ್ರೇಕ್ ಹೋಸನ್ನೇ ಮಾದರಿಯಾಗಿ ಇಟ್ಟುಕೊಂಡೆವು. ಸಸ್ಪೆನ್ಷನ್ ಪೂರ್ತಿ ಇಳಿದಾಗ, ಪೂರ್ತಿ ಏರಿದಾಗ, ಸ್ಟಿಯರಿಂಗ್ ಎರಡೂ ತುದಿಗೆ ತಿರುಗಿದಾಗ ಬ್ರೇಕ್ ಹೋಸ್ ಎಲ್ಲಿಯೂ ಎಳೆಯದಂತೆ, ಉಜ್ಜದಂತೆ ತಯಾರಕರು ನೋಡಿಕೊಂಡಿರುತ್ತಾರೆ. ಅದರ ಜೊತೆಗೆ ಹೋದ ತಂತಿಗೆ ಅದೇ ರಕ್ಷಣೆ ಸಿಗುತ್ತದೆ. ಕನೆಕ್ಟರುಗಳನ್ನು ಚಕ್ರದ ಗೂಡಿನಲ್ಲಿ ಇಡದೆ, ರಬ್ಬರ್ ಗ್ರೊಮೆಟ್ ದಾಟಿಸಿ ಕಾರಿನೊಳಗೆ ತಂದೆವು. ಹೀಗಿದ್ದೂ ಮೊದಲ ಪರೀಕ್ಷೆಯ ನಂತರ ಮುಂದಿನ ಬಲಚಕ್ರದ ತಂತಿಯ ಹೊದಿಕೆ ಒಂದು ಕಡೆ ಬೆರಳಗಲ ಹೊಳೆಯುತ್ತಿತ್ತು. ಸುತ್ತಲಿನ ತಂತಿಗೆಲ್ಲ ಧೂಳು, ಅಲ್ಲಿ ಮಾತ್ರ ಪಾಲಿಷ್ ಮಾಡಿದಂಥ ಹೊಳಪು: ಡ್ಯಾಂಪರಿನ ಸ್ಪ್ರಿಂಗ್ ಅದನ್ನು ಸವರಿಕೊಂಡು ಹೋಗುತ್ತಿತ್ತು. ಕ್ಲಿಪ್ಪನ್ನು ಎರಡು ಸೆಂಟಿಮೀಟರ್ ಹಿಂದಕ್ಕೆ ಸರಿಸಿದೆವು. ಇಂಥ ಹೊಳಪನ್ನು ಹುಡುಕಲು ಪ್ರತಿ ಸರ್ವಿಸಿನಲ್ಲೂ ಒಂದು ನಿಮಿಷ ಟಾರ್ಚ್ ಹಿಡಿದು ನೋಡುವುದನ್ನು ಮೆಕ್ಯಾನಿಕ್ ಅಂದಿನಿಂದ ರೂಢಿ ಮಾಡಿಕೊಂಡರು.

ಹ್ಯಾಂಡ್ ಬ್ರೇಕಿನ ಲೆಕ್ಕ

ಶಾಖದ ತಪ್ಪು ಹೋದಮೇಲೆ ಹ್ಯಾಂಡ್ ಬ್ರೇಕಿನ ನಿಜವಾದ ತಪ್ಪು ಉಳಿಯಿತು. ನಾಲ್ಕು ಚಕ್ರಗಳ ಎಣಿಕೆಯೂ ಕೈಯಲ್ಲಿದ್ದುದರಿಂದ ಚಾಲಕರು, ನಾಲ್ಕರಲ್ಲಿ ಯಾವುದು ವೇಗವಾಗಿ ತಿರುಗುತ್ತದೋ ಅದನ್ನೇ ಮೀಟರಿಗೆ ಕೊಡುವ ಸರ್ಕ್ಯೂಟ್ ಮಾಡಬಹುದಲ್ಲ ಎಂದರು. ನನಗೂ ಆ ಯೋಚನೆ ರುಚಿಸಿತ್ತು, ಮಾಡಲು ಕೈ ತುರಿಸುತ್ತಿತ್ತು ಎಂದರೂ ತಪ್ಪಿಲ್ಲ. ಬೇಡವೆಂದವರು ಸಹಚಾಲಕರು. ಹಾಗೆ ಮಾಡಿದರೆ ಹ್ಯಾಂಡ್ ಬ್ರೇಕಿನಲ್ಲಿ ಕಳೆಯುವ ದೂರ ಉಳಿಯಬಹುದು, ಆದರೆ ತಿರುವಿನಿಂದ ಹೊರಬರುವಾಗ ಮುಂದಿನ ಚಕ್ರ ಜಾರಿದ್ದೆಲ್ಲ ಕೂಡಿಕೊಳ್ಳುತ್ತದೆ. ಮೀಟರ್ ಒಮ್ಮೆ ಹಿಂದೆ, ಒಮ್ಮೆ ಮುಂದೆ ಇರುತ್ತದೆ. ‘ತಪ್ಪು ಇರಲಿ, ಆದರೆ ಯಾವಾಗಲೂ ಒಂದೇ ಕಡೆಗಿರಲಿ. ಹಿಂದೆ ಬಿದ್ದಿದೆ ಅಂತ ಗೊತ್ತಿದ್ದರೆ ನಾನು ನೋಡಿಕೊಳ್ಳುತ್ತೇನೆ’ ಎಂದರು. ಉಪಕರಣವನ್ನು ಬಳಸುವವರ ಬಾಯಿಂದ ಬಂದ ಈ ಮಾತಿನ ಮುಂದೆ ನನ್ನ ಸರ್ಕ್ಯೂಟಿಗೆ ಬೆಲೆ ಇರಲಿಲ್ಲ. ಹಿಂದಿನ ಎಡಚಕ್ರವನ್ನೇ ಮೀಟರಿಗೆ ಕೊಟ್ಟು, ಅದು ಕೈಕೊಟ್ಟರೆ ಬಲಕ್ಕೆ ಬದಲಿಸಲು ಅವರ ಮೊಣಕಾಲಿನ ಪಕ್ಕದಲ್ಲಿ ಒಂದು ಸ್ವಿಚ್ ಇಟ್ಟೆವು. ಒಟ್ಟಿಗೆ ಲಾಗರಿನ ಮೇಲೂ ಅವರು ಕಣ್ಣಿಟ್ಟು, ಒಂದು ಹೇರ್‌ಪಿನ್ನಿಗೆ ಎಷ್ಟು ಮೀಟರ್ ತಪ್ಪುತ್ತದೆ ಎಂಬುದನ್ನು ಹಿಂದಿನ ಓಟಗಳ ಗೆರೆಗಳಿಂದ ಎಣಿಸಿ ತೆಗೆದರು: ಸುಮಾರು ಎಂಟು.

ಟಯರಿನ ಸವೆತವನ್ನೂ ಅವರೇ ಲೆಕ್ಕಕ್ಕೆ ತಂದರು. ಗಾಲಿಯ ತ್ರಿಜ್ಯ ಸುಮಾರು 312 ಮಿಲಿಮೀಟರ್ ಇರುವಾಗ ಮೂರು ಮಿಲಿಮೀಟರ್ ರಬ್ಬರ್ ಸವೆದರೆ ಸುತ್ತಳತೆ ನೂರಕ್ಕೆ ಒಂದರಷ್ಟು ಇಳಿಯುತ್ತದೆ, 20 ಕಿಲೋಮೀಟರಿನ ಸ್ಟೇಜಿನಲ್ಲಿ 200 ಮೀಟರ್ ಹೆಚ್ಚು ತೋರುತ್ತದೆ. ಹೊಸ ಟಯರಿಗೆ 1531, ಸವೆದದ್ದಕ್ಕೆ 1546 ಎಂದು ಎರಡು ಸಂಖ್ಯೆಗಳನ್ನು ಟೇಪಿನ ತುಂಡಿನ ಮೇಲೆ ಬರೆದು ಮೀಟರಿನ ಕೆಳಗೆ ಅಂಟಿಸಿದರು.

ಮೂರನೆಯ ಸ್ಪರ್ಧೆಯ ಅತಿ ಉದ್ದದ ಇಳಿಜಾರಿನ ಸ್ಟೇಜಿನಲ್ಲಿ ಎಡ ಮತ್ತು ಬಲಚಕ್ರಗಳ ಗೆರೆಗಳು ಕೊನೆಯವರೆಗೂ ಒಂದರ ಮೇಲೊಂದು ಕೂತಿದ್ದವು. ತಳದ ಕವಲಿಗೆ ಬಂದಾಗ ಮೀಟರ್ ರೋಡ್ ಬುಕ್ಕಿಗಿಂತ 90 ಮೀಟರ್ ಹಿಂದಿತ್ತು. ಕಾರು ಮಾತ್ರ ಕವಲಿನಲ್ಲಿ ತಡವರಿಸದೆ ಎಡಕ್ಕೆ ತಿರುಗಿತು. ಸ್ಪರ್ಧೆ ಮುಗಿದ ಮೇಲೆ ಸಹಚಾಲಕರ ರೋಡ್ ಬುಕ್ ತೆರೆದು ನೋಡಿದೆ. ಆ ಕವಲಿನ ಪಕ್ಕದ ಖಾಲಿ ಜಾಗದಲ್ಲಿ, ಸ್ಟೇಜ್ ಶುರುವಾಗುವ ಮುನ್ನವೇ ಪೆನ್ಸಿಲಿನಲ್ಲಿ ಬರೆದದ್ದು, ಹೀಗಿತ್ತು: ‘11 ತಿರುವು, 88 ಕಡಿಮೆ ಬರುತ್ತೆ.’